ನಿಮ್ಮ 68 ಪರ್ಸೆಂಟು ಅಮೆರಿಕದ ಲಾ ಸ್ಕೂಲಲ್ಲಿ ಎಷ್ಟಾಗುತ್ತೆ? ಕೊಡಗಿನ ಡಿಗ್ರಿ ಮಕ್ಕಳಿಗೆ ಅಂಕಪಟ್ಟಿಯ ಲೆಕ್ಕ

ಹೋದ ಜೂನಲ್ಲಿ ಒಂದು ಸಂಜೆ, ಹೊರಗೆ ಜಡಿಮಳೆ, ಬೆಳಗ್ಗೆಯಿಂದ ಕರೆಂಟಿಲ್ಲ, ಅಂಥ ಹೊತ್ತಲ್ಲಿ ಅಕ್ಕನ ಮಗಳು ವಿರಾಜಪೇಟೆಯಿಂದ ಫೋನ್ ಮಾಡಿದ್ಲು. "ಚಿಕ್ಕಮ್ಮ, ನಂದು ಬಿಕಾಂ 68 ಪರ್ಸೆಂಟ್ ಅಲ್ವಾ, ಅದನ್ನ 4ರ ಜಿಪಿಎಗೆ, ಅದೇ ಅಮೆರಿಕದ ಗ್ರೇಡ್ ಸರಾಸರಿಗೆ, ಹಾಕಿದ್ರೆ ಒಂದು ಕಡೆ 2.72 ಬರ್ತಿದೆ, ಇನ್ನೊಂದು ಕಡೆ 3 ಚಿಲ್ರೆ ಬರ್ತಿದೆ, ಮೈಸೂರಲ್ಲಿ ಒಬ್ರು ಕನ್ಸಲ್ಟೆಂಟ್ ದುಡ್ಡು ತಗೊಂಡು 3.4 ಅಂತ ಬರ್ಕೊಟ್ಟಿದ್ದಾರೆ, ಅಪ್ಲಿಕೇಶನ್ನಲ್ಲಿ ಯಾವ್ದು ಹಾಕ್ಲಿ?" ಅಂತ. ಯಾವ್ದೂ ಹಾಕ್ಬೇಡ ಮಗಳೇ, ನಾಳೆ ಅಂಕಪಟ್ಟಿ ಎಲ್ಲಾ ಹಿಡ್ಕೊಂಡು ಮಡಿಕೇರಿಗೆ ಬಾ ಅಂದೆ.

ನಾನು ಡಿಗ್ರಿ ಕಾಲೇಜಲ್ಲಿ ಪಾಠ ಮಾಡೋಳು. ವರ್ಷಕ್ಕೆ ಇಬ್ರೋ ಮೂವರೋ ಮಕ್ಕಳು ಲಾ ಓದ್ಬೇಕು ಅಂತ ಬರ್ತಾರೆ, ಕೆಲವ್ರು ಸುಳ್ಯ, ಮಂಗಳೂರು, ಮೈಸೂರಿಗೆ, ಅಪರೂಪಕ್ಕೆ ಒಬ್ರು ಹೊರದೇಶಕ್ಕೆ. ಎಲ್ಲರೂ ಎಡವೋದು ಒಂದೇ ಜಾಗದಲ್ಲಿ, ನಮ್ಮ ಅಂಕ ಅಲ್ಲಿಯ ಲೆಕ್ಕದಲ್ಲಿ ಎಷ್ಟು ಅನ್ನೋದ್ರಲ್ಲಿ. ಹಾಗಾಗಿ ಅವಳ ಜೊತೆ ಕೂತು ಮಾಡಿದ್ದನ್ನ, ಬೇರೆ ಮಕ್ಕಳ ವಿಷಯದಲ್ಲಿ ನೋಡಿದ್ದನ್ನ ಸೇರಿಸಿ ಇಲ್ಲಿ ಬರೀತಿದ್ದೀನಿ, ನಿಮ್ಮ ಮನೇಲಿ ಯಾರಾದ್ರೂ ಈ ದಾರೀಲಿದ್ರೆ ಓದಿಸಿ.

ಮೊದಲು ಯಾವ ಬಾಗಿಲು ಅಂತ ಗೊತ್ತು ಮಾಡ್ಕೊಳ್ಳಿ

ಲಾ ಸ್ಕೂಲ್ ಅಂದ್ರೆ ಎಲ್ಲಾ ಒಂದೇ ಅಲ್ಲ, ಅಂಕ ನೋಡೋ ರೀತಿ ಒಂದೊಂದು ಕಡೆ ಒಂದೊಂದು. ಪಿಯುಸಿ ಮುಗಿಸಿ ಕ್ಲ್ಯಾಟ್, ಅಂದ್ರೆ ನ್ಯಾಷನಲ್ ಲಾ ಯೂನಿವರ್ಸಿಟಿಗಳ ಎಂಟ್ರೆನ್ಸ್, ಬರೆದು 5 ವರ್ಷದ ಕೋರ್ಸಿಗೆ ಹೋಗೋರಿಗೆ ಪಿಯುಸಿ ಅಂಕ ಬರೀ ಹೊಸ್ತಿಲು, 45 ಪರ್ಸೆಂಟ್ ಇದ್ರೆ ಸಾಕು, ಎಸ್‌ಸಿ ಎಸ್‌ಟಿ ಮಕ್ಕಳಿಗೆ 40. ಅದು ದಾಟಿದ್ಮೇಲೆ 60 ತಗೊಂಡೋರಿಗೂ 95 ತಗೊಂಡೋರಿಗೂ ವ್ಯತ್ಯಾಸ ಇಲ್ಲ, ರ‍್ಯಾಂಕ್ ಬರೋದು ಎಂಟ್ರೆನ್ಸಿಂದ ಮಾತ್ರ. ಎಲ್‌ಎಲ್‌ಬಿ ಮುಗಿಸಿ ಎಲ್‌ಎಲ್‌ಎಂಗೆ ಕ್ಲ್ಯಾಟ್ ಪಿಜಿ ಬರೆಯೋರಿಗೆ ಆ ಹೊಸ್ತಿಲು 50, ಎಸ್‌ಸಿ ಎಸ್‌ಟಿಗೆ 45.

ಡಿಗ್ರಿ ಮುಗಿಸಿ 3 ವರ್ಷದ ಎಲ್‌ಎಲ್‌ಬಿಗೆ ಹೋಗೋರಿಗೆ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮ ಇದೆ, ಸಾಮಾನ್ಯ ವರ್ಗಕ್ಕೆ 45, ಹಿಂದುಳಿದ ವರ್ಗಕ್ಕೆ 42, ಎಸ್‌ಸಿ ಎಸ್‌ಟಿಗೆ 40. ಹುಬ್ಬಳ್ಳಿಯ ಕಾನೂನು ವಿವಿ ಕೆಳಗಿರೋ ಕಾಲೇಜುಗಳು ಇದನ್ನೇ ಹಿಡಿಯೋದು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 2022ರಲ್ಲಿ 3 ವರ್ಷದ ಕೋರ್ಸ್ ಶುರು ಮಾಡಿದೆ, ಅದಕ್ಕೂ ಡಿಗ್ರೀಲಿ 45 ಬೇಕು, ಆದ್ರೆ ಸೀಟು ಸಿಗೋದು ಅವರದೇ ಎಂಟ್ರೆನ್ಸಿಂದ. ಇಲ್ಲೊಂದು ಮಾತು, 44.83 ಇರೋರು ದಯವಿಟ್ಟು ತಾವೇ 45 ಅಂತ ಬರ್ಕೊಂಡು ಹೋಗ್ಬೇಡಿ, ಸೀಟು ಸಿಕ್ಕಿ ಆಮೇಲೆ ದಾಖಲೆ ಪರಿಶೀಲನೇಲಿ ಬಿದ್ದೋಗೋದು ತುಂಬಾ ನೋವು, ಮೊದಲೇ ಕಾಲೇಜಲ್ಲಿ ಬರವಣಿಗೇಲಿ ಕೇಳಿ. ಇನ್ನೊಂದು, ಪಿಯುಸಿ ಇಲ್ದೇ ನೇರವಾಗಿ ಮುಕ್ತ ವಿವೀಲಿ ಡಿಗ್ರಿ ಮಾಡಿರೋರಿಗೆ ಅದೇ ನಿಯಮದಲ್ಲಿ ಅಡ್ಡಿ ಇದೆ, ಪರ್ಸೆಂಟ್ ಎಷ್ಟಿದ್ರೂ ಪ್ರಯೋಜನ ಇಲ್ಲ.

ಬ್ರಿಟನ್ ಕಡೆ ಹೋಗೋರಿಗೆ ಪ್ರತಿ ಯೂನಿವರ್ಸಿಟೀದೂ ತನ್ನದೇ ಪಟ್ಟಿ ಇರುತ್ತೆ, ಇಂಡಿಯಾದ ಇಂಥ ಡಿಗ್ರಿಗೆ ಇಷ್ಟು ಪರ್ಸೆಂಟ್ ಬೇಕು ಅಂತ, ನೀವು ಕನ್ವರ್ಟ್ ಮಾಡೋ ಕೆಲಸಾನೇ ಇಲ್ಲ, ಆ ಪೇಜ್ ಹುಡ್ಕಿ ನಿಮ್ಮ ವಿವಿ ಯಾವ ಗುಂಪಲ್ಲಿದೆ ನೋಡ್ಕೊಂಡ್ರೆ ಆಯ್ತು. ಜಾಸ್ತಿ ಗೊಂದಲ ಇರೋದು ಅಮೆರಿಕದ ಜೆಡಿ ಕೋರ್ಸಿಗೆ, ಅಂದ್ರೆ ಅಲ್ಲಿಯ ಮೂಲ ಕಾನೂನು ಡಿಗ್ರಿಗೆ, ಅದಕ್ಕೆ ಆಮೇಲೆ ಬರ್ತೀನಿ.

ಸಿಜಿಪಿಎ ಇರೋರು ಪರ್ಸೆಂಟ್ ತೆಗೆಯೋದು

ಒಂದೇ ಮನೇಲಿ ಅಣ್ಣಂದು ಒಂದು ಥರ, ತಂಗೀದು ಇನ್ನೊಂದು ಥರ ಅಂಕಪಟ್ಟಿ ಇರೋ ಕಾಲ ಇದು. ಹಳೇ ಬ್ಯಾಚಿಗೆ ಅಂಕ, ಆಮೇಲೆ ಸಿಬಿಸಿಎಸ್ ಅನ್ನೋ ಕ್ರೆಡಿಟ್ ಪದ್ಧತಿ ಬಂದು ಗ್ರೇಡು, 2021-22ರಲ್ಲಿ ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂತು, 2024-25ರಲ್ಲಿ ರಾಜ್ಯ ಮತ್ತೆ 3 ವರ್ಷದ ಡಿಗ್ರಿಗೆ ಬಂತು. ನಮ್ಮ ಜಿಲ್ಲೇಲಿ ಇದರ ಮೇಲೆ ಇನ್ನೊಂದಿದೆ, ಮೊದಲು ಇಲ್ಲಿಯ ಡಿಗ್ರಿ ಕಾಲೇಜೆಲ್ಲ ಮಂಗಳೂರು ವಿವಿಗೆ ಸೇರಿದ್ವು, ಈಗ ಚಿಕ್ಕ ಅಳುವಾರದಲ್ಲಿ ನಮ್ಮದೇ ಕೊಡಗು ವಿವಿ. ಪೊನ್ನಂಪೇಟೆ ಫಾರೆಸ್ಟ್ರಿ ಕಾಲೇಜಿನವ್ರದ್ದಂತೂ ಶಿವಮೊಗ್ಗದ ವಿವಿ. ಅದಕ್ಕೇ ಮೊದಲ ಕೆಲಸ, ನಿಮ್ಮ ಡಿಗ್ರಿ ಸರ್ಟಿಫಿಕೇಟ್ ಕೊಟ್ಟಿರೋದು ಯಾರು, ಒಂದೊಂದು ಸೆಮಿಸ್ಟರಿನ ಅಂಕಪಟ್ಟಿ ಮೇಲೆ ಯಾವ ವಿವಿ ಹೆಸರಿದೆ ಅಂತ ಒಂದು ಹಾಳೇಲಿ ಬರೆದಿಟ್ಕೊಳ್ಳಿ.

ಲೆಕ್ಕ ತೋರಿಸ್ತೀನಿ ನೋಡಿ. ನಮ್ಮ ಪಕ್ಕದ ಲೈನಿನ ಹುಡುಗ ಒಬ್ಬ ಬಂದಿದ್ದ, ಅವನ ಆರು ಸೆಮಿಸ್ಟರಿನ ಎಸ್‌ಜಿಪಿಎ, ಅಂದ್ರೆ ಒಂದೊಂದು ಸೆಮಿಸ್ಟರಿನ 10ರ ಅಳತೆಯ ಸರಾಸರಿ, 7.2, 6.8, 7.9, 7.5, 8.1, 8.4. ಅವ್ನು ಆರನ್ನೂ ಕೂಡಿಸಿ ಆರರಿಂದ ಭಾಗಿಸಿ ಸಿಜಿಪಿಎ, ಅಂದ್ರೆ ಇಡೀ ಡಿಗ್ರಿಯ ಸರಾಸರಿ, 7.65 ಅಂತ ಬರ್ಕೊಂಡಿದ್ದ. ಹಾಗೆ ಮಾಡೋ ಹಾಗಿಲ್ಲ, ಯಾಕಂದ್ರೆ ಪ್ರತಿ ಸೆಮಿಸ್ಟರಿಗೂ ಕ್ರೆಡಿಟ್, ಅಂದ್ರೆ ಪಾಠದ ತೂಕ, ಬೇರೆ ಬೇರೆ. ಅವನದ್ದು ಮೊದಲೆರಡು ಸೆಮಿಸ್ಟರ್ 24 ಕ್ರೆಡಿಟ್, ಮಧ್ಯದ ಎರಡು 26, ಕೊನೆ ಎರಡು 22. ಒಂದೊಂದು ಎಸ್‌ಜಿಪಿಎಯನ್ನೂ ಅದರ ಕ್ರೆಡಿಟ್ಟಿಂದ ಗುಣಿಸಿ ಕೂಡಿದ್ರೆ 1099.4, ಒಟ್ಟು ಕ್ರೆಡಿಟ್ 144, ಭಾಗಿಸಿದ್ರೆ 7.63. ವ್ಯತ್ಯಾಸ ಸಣ್ಣದು ನಿಜ, ಆದ್ರೆ ಅಂಕಪಟ್ಟೀಲಿ 7.63 ಇದ್ದು ಅಪ್ಲಿಕೇಶನ್ನಲ್ಲಿ 7.65 ಇದ್ರೆ ಅದು ತಪ್ಪು ಮಾಹಿತಿ ಅಂತ ಆಗುತ್ತೆ, ಲಾ ಓದೋಕೆ ಹೊರಟೋರಿಗೆ ಅದು ಚೆನ್ನಾಗಿರಲ್ಲ.

ಇನ್ನು ಆ 7.63ನ್ನ ಪರ್ಸೆಂಟ್ ಮಾಡೋದು. 10ರಿಂದ ಗುಣಿಸಿದ್ರೆ 76.3. ಬೆಳಗಾವಿಯ ಎಂಜಿನಿಯರಿಂಗ್ ವಿವಿ ವಿಟಿಯು ತನ್ನ ಒಂದು ಹಳೇ ಸ್ಕೀಮಿಗೆ ಇಟ್ಟಿದ್ದ ಹಾಗೆ 0.75 ಕಳೆದು 10ರಿಂದ ಗುಣಿಸಿದ್ರೆ 68.8. ಸಿಬಿಎಸ್‌ಇ ಹತ್ತನೇ ಕ್ಲಾಸಿಗೆ ಇಟ್ಟಿದ್ದ 9.5ರಿಂದ ಗುಣಿಸಿದ್ರೆ 72.5. ಒಂದೇ ಹುಡುಗ, ಅದೇ ಓದು, ಮೂರು ಪರ್ಸೆಂಟು! ಯಾವ್ದು ಸರಿ ಅಂದ್ರೆ ನಿಮ್ಮ ವಿವಿ ನಿಮ್ಮ ಸ್ಕೀಮಿಗೆ ಹೇಳಿರೋದು ಮಾತ್ರ ಸರಿ. ಅದು ಬಹಳ ಸಲ ಅಂಕಪಟ್ಟಿಯ ಹಿಂಬದೀಲಿ ಸಣ್ಣ ಅಕ್ಷರದಲ್ಲಿ ಇರುತ್ತೆ, ಯಾರೂ ತಿರುಗಿಸಿ ನೋಡಲ್ಲ. ಅಲ್ಲಿ ಇಲ್ದಿದ್ರೆ ವಿವಿಯ ಪರೀಕ್ಷಾ ವಿಭಾಗಕ್ಕೆ, ಅಂದ್ರೆ ಮೌಲ್ಯಮಾಪನ ಕುಲಸಚಿವರ ಕಚೇರಿಗೆ, ಒಂದು ಅರ್ಜಿ ಕೊಟ್ಟು ಕನ್ವರ್ಷನ್ ಸರ್ಟಿಫಿಕೇಟ್ ತಗೊಳ್ಳಿ. ಎರಡು ಪ್ರತಿ ಕೇಳಿ, ಒಂದು ಇಲ್ಲೇ ಎಲ್‌ಎಲ್‌ಬಿ ಅಡ್ಮಿಷನ್‌ಗೂ ಬೇಕಾಗುತ್ತೆ.

ಅಮೆರಿಕದ ಲೆಕ್ಕ, ಅಲ್ಲೇ ಓದಿದೋರಿಗೆ

ಅಮೆರಿಕದ ಲಾ ಸ್ಕೂಲಿಗೆ ಅರ್ಜಿ ಹಾಕೋರ ಅಂಕಪಟ್ಟಿ ಎಲ್ಲಾ ಲಾ ಸ್ಕೂಲ್ ಅಡ್ಮಿಷನ್ ಕೌನ್ಸಿಲ್ ಅನ್ನೋ ಸಂಸ್ಥೆಗೆ ಹೋಗುತ್ತೆ, ಎಲ್‌ಎಸ್‌ಎಸಿ ಅಂತ ಕರೀತಾರೆ, ಎಲ್‌ಸ್ಯಾಟ್ ಅನ್ನೋ ಎಂಟ್ರೆನ್ಸ್ ಪರೀಕ್ಷೆ ನಡೆಸೋದೂ ಇವ್ರೇ. ಪ್ರತಿ ಸ್ಕೂಲಿಗೂ ಬೇರೆ ಬೇರೆ ಕಳಿಸೋ ಬದ್ಲು ಒಂದೇ ಸಲ ಇವರಿಗೆ ಕಳಿಸಿದ್ರೆ ಇವ್ರು ಒಂದು ರಿಪೋರ್ಟ್ ಮಾಡಿ ನೀವು ಹೇಳಿದ ಸ್ಕೂಲ್‌ಗಳಿಗೆಲ್ಲ ತಲುಪಿಸ್ತಾರೆ, ಆ ಸೇವೆಗೆ ಕ್ರೆಡೆನ್ಷಿಯಲ್ ಅಸೆಂಬ್ಲಿ ಸರ್ವಿಸ್ ಅಂತ ಹೆಸರು.

ಅಮೆರಿಕ, ಕೆನಡಾದ ಕಾಲೇಜಲ್ಲಿ ಡಿಗ್ರಿ ಮಾಡಿದೋರ ಗ್ರೇಡನ್ನೆಲ್ಲ ಇವ್ರು ಒಂದೇ ಅಳತೆಗೆ ತರ್ತಾರೆ. ಎ ಪ್ಲಸ್‌ಗೆ 4.33, ಎಗೆ 4.00, ಎ ಮೈನಸ್‌ಗೆ 3.67, ಬಿ ಪ್ಲಸ್‌ಗೆ 3.33, ಬಿಗೆ 3.00, ಹೀಗೆ ಇಳೀತಾ ಸಿಗೆ 2.00, ಡಿಗೆ 1.00, ಎಫ್‌ಗೆ ಸೊನ್ನೆ. ಯಾಕೆ ಹೀಗೆ ಮಾಡ್ತಾರೆ ಅಂದ್ರೆ ಒಂದು ಕಾಲೇಜಲ್ಲಿ ಎ ಪ್ಲಸ್‌ಗೂ 4 ಕೊಡ್ತಾರೆ, ಇನ್ನೊಂದರಲ್ಲಿ ಎ ಪ್ಲಸ್ಸೇ ಇಲ್ಲ, ಮತ್ತೊಂದು ಕಡೆ ಫೇಲಾದ ಪೇಪರ್ ಮತ್ತೆ ಬರೆದ್ರೆ ಹಳೇದನ್ನ ಅಳಿಸ್ತಾರೆ. ಹಾಗಾಗಿ ಕಾಲೇಜು ಕೊಟ್ಟ ಜಿಪಿಎಗೂ ಎಲ್‌ಎಸ್‌ಎಸಿ ಜಿಪಿಎಗೂ ಹೊಂದಲ್ಲ.

ನಮ್ಮ ಜಿಲ್ಲೆಯ ಎಷ್ಟೋ ಮನೆ ಮಕ್ಕಳು ಈಗ ಪಿಯುಸಿ ಆದ್ಮೇಲೆ ನೇರ ಅಲ್ಲಿಗೇ ಡಿಗ್ರಿಗೆ ಹೋಗ್ತಿದ್ದಾರೆ, ಅವ್ರಿಗೆ ಇದು ಗೊತ್ತಿರ್ಬೇಕು. ಒಂದು 3 ಕ್ರೆಡಿಟ್ ಕೋರ್ಸಲ್ಲಿ ಮೊದಲ ಸಲ ಸಿ ಬಂತು, ಮತ್ತೆ ತಗೊಂಡು ಎ ಮಾಡಿದ್ರಿ ಅಂತಿಟ್ಕೊಳ್ಳಿ. ಕಾಲೇಜು ಎ ಮಾತ್ರ ಹಿಡಿದು 4.00 ಅಂದಿರಬಹುದು. ಟ್ರಾನ್ಸ್‌ಕ್ರಿಪ್ಟಲ್ಲಿ, ಅಂದ್ರೆ ಕಾಲೇಜು ಕೊಡೋ ಒಟ್ಟು ಅಂಕಪಟ್ಟೀಲಿ, ಎರಡೂ ಗ್ರೇಡ್ ಕಾಣ್ತಿದ್ರೆ ಎಲ್‌ಎಸ್‌ಎಸಿ ಎರಡನ್ನೂ ಹಿಡಿಯುತ್ತೆ, 2.00 ಮತ್ತು 4.00, ಸರಾಸರಿ 3.00. ಸುಮ್ನೆ ಡಬ್ಲ್ಯೂ ಅಂತ ಹಾಕಿ ಬಿಟ್ಟ ಕೋರ್ಸ್ ಲೆಕ್ಕಕ್ಕಿಲ್ಲ, ಆದ್ರೆ ಬಿಟ್ಟದ್ದಕ್ಕೆ ಶಿಕ್ಷೆಯಾಗಿ ಫೇಲ್ ಕೊಟ್ಟಿದ್ರೆ ಸೊನ್ನೆ ಅಂತಾನೇ ಕೂಡುತ್ತೆ. ಪಾಸ್ ಅಂತ ಮಾತ್ರ ಇರೋದು ಜಿಪಿಎಗೆ ಸೇರಲ್ಲ. ವರ್ಷಕ್ಕೆ ಮೂರು ಕ್ವಾರ್ಟರ್ ಪದ್ಧತಿ ಇರೋ ಕಾಲೇಜಿನ ಕ್ರೆಡಿಟ್ಟನ್ನ ಮೂರರಲ್ಲಿ ಎರಡು ಭಾಗ ಮಾಡ್ತಾರೆ, 5 ಕ್ರೆಡಿಟ್ ಇದ್ರೆ 3.33 ಆಗುತ್ತೆ. ಮೊದಲ ಡಿಗ್ರಿ ಸಿಕ್ಕಿದ ಮೇಲೆ ಓದಿದ್ದು, ಎಂಎ ಆಗ್ಲಿ ಎಂಬಿಎ ಆಗ್ಲಿ, ಈ ಜಿಪಿಎಗೆ ಬರಲ್ಲ, ಟ್ರಾನ್ಸ್‌ಕ್ರಿಪ್ಟ್ ಮಾತ್ರ ಸ್ಕೂಲಿಗೆ ಹೋಗುತ್ತೆ.

ಈ ಸಂಖ್ಯೆ ಜೊತೆ ಹೋಲಿಕೆಯೂ ಹೋಗುತ್ತೆ. ವರ್ಷಾವರ್ಷದ ಜಿಪಿಎ, ಅದೇ ಕಾಲೇಜಿಂದ ಅರ್ಜಿ ಹಾಕಿದ ಬೇರೆಯವರ ನಡುವೆ ನಿಮ್ಮ ಸ್ಥಾನ, ಆ ಕಾಲೇಜಿನೋರ ಸರಾಸರಿ ಎಲ್‌ಸ್ಯಾಟ್, ಇದೆಲ್ಲ. ಅಂದ್ರೆ ಓದೋರಿಗೆ 3.5 ಅನ್ನೋದು ಮಾತ್ರ ಕಾಣಲ್ಲ, ಆ ಕಾಲೇಜಲ್ಲಿ 3.5 ಸುಲಭವೋ ಕಷ್ಟವೋ ಅನ್ನೋದೂ ಕಾಣುತ್ತೆ. ನನಗೆ ಈ ಪದ್ಧತೀಲಿ ತುಂಬಾ ನ್ಯಾಯ ಅನ್ಸಿದ್ದು ಇದೇ ಭಾಗ.

ನಮ್ಮ ಡಿಗ್ರಿಯವರಿಗೆ ಬೇರೆ ದಾರಿ

ಈಗ ಅಕ್ಕನ ಮಗಳ ಪ್ರಶ್ನೆಗೆ ಬರೋಣ. 100ರ ಅಂಕ ಇರೋ ಕಾಲೇಜಿಗೂ ಎಲ್‌ಎಸ್‌ಎಸಿ ಹತ್ರ ಒಂದು ಪಟ್ಟಿ ಇದೆ, ಅದರಲ್ಲಿ 98 ಮತ್ತು ಅದರ ಮೇಲೆ 4.33, 93ರಿಂದ 97 ಅಂದ್ರೆ 4.00, ಇಳೀತಾ ಬಂದು 67ರಿಂದ 69 ಅಂದ್ರೆ ಡಿ ಪ್ಲಸ್, 1.33. 60ರ ಕೆಳಗೆ ಸೊನ್ನೆ. ಇದನ್ನ ನೋಡಿ ಅವಳ ಮುಖ ಬಿಳಚ್ಕೊಂಡಿತ್ತು, ಫಸ್ಟ್ ಕ್ಲಾಸಲ್ಲಿ ಪಾಸಾದ ಹುಡುಗಿ ಅಲ್ಲಿ ಡಿ ಪ್ಲಸ್ಸಾ ಅಂತ.

ಇಲ್ಲ. ಆ ಪಟ್ಟಿ ಅಲ್ಲಿಯ ಕಾಲೇಜುಗಳಿಗೆ. ನಮ್ಮಲ್ಲಿ 60 ಅಂದ್ರೆ ಪ್ರಥಮ ದರ್ಜೆ, 70 ದಾಟೋದೇ ಡಿಸ್ಟಿಂಕ್ಷನ್, ನಮ್ಮ ಮೌಲ್ಯಮಾಪಕರು ಥಿಯರಿ ಪೇಪರಿಗೆ 95 ಕೊಡೋದು ಅಪರೂಪ, ಇದು ಅವ್ರಿಗೂ ಗೊತ್ತು. ಅದಕ್ಕೇ ಹೊರದೇಶದ ಡಿಗ್ರಿಯ ಅಂಕವನ್ನ ಎಲ್‌ಎಸ್‌ಎಸಿ ಜಿಪಿಎ ಮಾಡೋದೇ ಇಲ್ಲ! ಅಮೆರಿಕದ ಕಾಲೇಜು ರಿಜಿಸ್ಟ್ರಾರ್‌ಗಳ, ಅಡ್ಮಿಷನ್ ಅಧಿಕಾರಿಗಳ ಸಂಘ ಒಂದಿದೆ, ಆಕ್ರೋ ಅಂತಾರೆ, ಅಲ್ಲಿಯ ಮೌಲ್ಯಮಾಪಕರು ಅಂಕಪಟ್ಟಿ ಓದಿ ಆಯಾ ದೇಶದ ಪದ್ಧತಿ ಪ್ರಕಾರ ನಾಲ್ಕು ಮಾತಲ್ಲಿ ಒಂದನ್ನ ಬರೀತಾರೆ, ಸುಪೀರಿಯರ್, ಅಬೌ ಆವರೇಜ್, ಆವರೇಜ್, ಬಿಲೋ ಆವರೇಜ್. ಅಷ್ಟೇ. ಸಂಖ್ಯೆ ಇಲ್ಲ. ನಿಮ್ಮ ಡಿಗ್ರಿ ಅಲ್ಲಿಯ ಯಾವ ಓದಿಗೆ ಸಮ ಅನ್ನೋದೂ ಆ ರಿಪೋರ್ಟಲ್ಲಿ ಇರುತ್ತೆ, ನಮ್ಮ ಮೂಲ ಅಂಕಪಟ್ಟಿಯೂ ಜೊತೇಲೇ ಹೋಗುತ್ತೆ.

ಇದರಿಂದ ಆಗೋದು ಎರಡು. ಒಂದು, ಕನ್ಸಲ್ಟೆಂಟ್ ಬರೆದ 3.4 ರೆಸ್ಯೂಮಲ್ಲಿದ್ದು ಅಧಿಕೃತ ರಿಪೋರ್ಟಲ್ಲಿ ಅಂಥದ್ದೇನೂ ಇಲ್ದಿದ್ರೆ ನೀವೇ ಕಟ್ಟಿದ ಸಂಖ್ಯೆ ಅಂತ ನೋಡಿದ ಕೂಡ್ಲೇ ಗೊತ್ತಾಗುತ್ತೆ. ಆ 3.4ಗೆ ಕೊಟ್ಟ ದುಡ್ಡು ಅವಳ ಎರಡು ತಿಂಗಳ ಉಳಿತಾಯ, ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತೆ. ಎರಡನೇದು ಜಾಸ್ತಿ ಮುಖ್ಯ. ಅಮೆರಿಕನ್ ಬಾರ್ ಅಸೋಸಿಯೇಷನ್ ನಿಯಮದಂತೆ ಪ್ರತಿ ಲಾ ಸ್ಕೂಲೂ ವರ್ಷಾ ವರ್ಷ ಒಂದು ವರದಿ ಪ್ರಕಟಿಸುತ್ತೆ, 509 ರಿಪೋರ್ಟ್ ಅಂತ, ಅದರಲ್ಲಿ ಸೇರಿದ ಮಕ್ಕಳ ಜಿಪಿಎ ಮತ್ತು ಎಲ್‌ಸ್ಯಾಟ್‌ನ ಮಧ್ಯದ ಅಂಕ, ಅದರ ಮೇಲಿನ ಕೆಳಗಿನ ಅಂಕ ಇರುತ್ತೆ. ಎಲ್‌ಎಸ್‌ಎಸಿ ಜಿಪಿಎ ಇಲ್ಲದ ನಮ್ಮಂಥೋರು ಜಿಪಿಎ ಲೆಕ್ಕದಲ್ಲಿ ಬರಲ್ಲ, ಎಲ್‌ಸ್ಯಾಟ್ ಲೆಕ್ಕದಲ್ಲಿ ಬರ್ತಾರೆ. ಹಾಗಾಗಿ ನಿಮ್ಮ 120ರಿಂದ 180ರ ಒಳಗಿನ ಎಲ್‌ಸ್ಯಾಟ್ ಅಂಕಕ್ಕೆ ಸಿಗೋ ತೂಕ ಜಾಸ್ತಿ. ಸ್ಕೂಲ್ ಆರಿಸೋವಾಗ 509 ರಿಪೋರ್ಟಿನ ಜಿಪಿಎ ಸಾಲು ನೋಡಿ ಹೆದ್ರಬೇಡಿ, ಎಲ್‌ಸ್ಯಾಟ್ ಸಾಲು ನೋಡಿ, ಮಧ್ಯದ ಅಂಕಕ್ಕೆ ನೀವು ಎಷ್ಟು ಹತ್ರ ಅಂತ. 2024ರ ಆಗಸ್ಟಿಂದ ಆ ಪರೀಕ್ಷೇಲಿ ಲಾಜಿಕ್ ಗೇಮ್ಸ್ ಅನ್ನೋ ಒಗಟಿನ ಭಾಗ ತೆಗೆದುಬಿಟ್ಟಿದ್ದಾರೆ, ಹಳೇ ಪುಸ್ತಕ ತಗೊಂಡು ಅದಕ್ಕೆ ತಿಂಗಳುಗಟ್ಟಲೆ ಕೂರಬೇಡಿ.

ನಮ್ಮ 3 ವರ್ಷದ ಡಿಗ್ರಿ ಸಾಕಾ ಅಂತ ಎಲ್ರೂ ಕೇಳ್ತಾರೆ. ಅದನ್ನ ಒಂದೊಂದು ಸ್ಕೂಲ್ ಒಂದೊಂದು ಥರ ನೋಡುತ್ತೆ, ಅರ್ಜಿ ಫೀಸ್ ಕಟ್ಟೋ ಮುಂಚೆ ಅಡ್ಮಿಷನ್ ಆಫೀಸಿಗೆ ನಾಲ್ಕು ಸಾಲಿನ ಮೇಲ್ ಹಾಕಿ, ಅವ್ರ ಉತ್ತರ ಇಟ್ಕೊಳ್ಳಿ.

ಅಂಕಪಟ್ಟಿ ಹೊರಡಿಸೋ ಕೆಲಸ

ಕಾಗದದ ಕೆಲಸಕ್ಕೇ ಜಾಸ್ತಿ ದಿನ ಹಿಡಿಯೋದು, ಇದನ್ನ ಮಳೆಗಾಲ ಶುರುವಾಗೋ ಮುಂಚೆ, ಏಪ್ರಿಲ್ ಮೇನಲ್ಲೇ ಶುರು ಮಾಡಿ ಅಂತ ನಾನು ಎಲ್ಲರಿಗೂ ಹೇಳೋದು. ಅಲ್ಲಿ ಅರ್ಜಿ ಶುರುವಾಗೋದು ಸಾಮಾನ್ಯವಾಗಿ ಸೆಪ್ಟೆಂಬರಲ್ಲಿ, ಬಹಳ ಸ್ಕೂಲ್‌ಗಳು ಬಂದ ಹಾಗೇ ಓದ್ತಾ ಸೀಟು ಕೊಡ್ತಾ ಹೋಗ್ತವೆ, ಮೊದಲು ಬಂದೋರಿಗೆ ಅನುಕೂಲ. ಜುಲೈ ಆಗಸ್ಟಲ್ಲಿ ನಮ್ಮ ಕಡೆ ರಸ್ತೆ, ಕೊರಿಯರ್, ಕರೆಂಟ್, ನೆಟ್‌ವರ್ಕ್ ಯಾವ್ದನ್ನೂ ನಂಬೋ ಹಾಗಿಲ್ಲ.

ಮೇಜಿನ ಮೇಲೆ ಆರೂ ಅಂಕಪಟ್ಟಿ ಹರಡ್ಕೊಂಡು ಕೂತಾಗ ಅವಳ ಮೊದಲ ಸೆಮಿಸ್ಟರಿನದ್ದು ನೋಡಿ ನನಗೆ ಸಂಕಟ ಆಯ್ತು. ಅವರ ಹಳೇ ಮನೆ ಮಕ್ಕಂದೂರು ಕಡೆ, 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಉಟ್ಟ ಬಟ್ಟೇಲಿ ಹೊರಗೆ ಬಂದೋರು, ಅಕ್ಕ ರೇಷನ್ ಕಾರ್ಡ್ ಇಟ್ಟಿದ್ದ ಪ್ಲಾಸ್ಟಿಕ್ ಕವರ್ ಒಂದನ್ನ ಸೊಂಟಕ್ಕೆ ಸಿಕ್ಕಿಸ್ಕೊಂಡು ಬಂದಿದ್ಲು, ಅದರಲ್ಲೇ ಅಲ್ಲೀವರೆಗೆ ಬಂದಿದ್ದ ಅಂಕಪಟ್ಟಿಗಳೂ ಇದ್ವು. ಮೊದಲನೇದು ಕವರಿನ ಬಾಯಿ ಹತ್ರ ಇದ್ದದ್ರಿಂದ ನೀರು ಒಳಗೆ ಇಳಿದು, ಸೀಲಿನ ಮೇಲೇ ಅಡ್ಡಕ್ಕೆ ಕಂದು ಬಣ್ಣದ ಕಲೆ, ಕೆಂಪು ಮಣ್ಣಿನ ಕಲೆ, ರಿಜಿಸ್ಟರ್ ನಂಬರಿನ ಕೊನೇ ಎರಡು ಅಂಕಿ ಅಳಿಸಿಹೋಗಿದೆ. ಇನ್ನಷ್ಟು ಹಾಳಾಗ್ದೇ ಇರ್ಲಿ ಅಂತ ಭಾವ ಆಮೇಲೆ ಎಲ್ಲದಕ್ಕೂ ಲ್ಯಾಮಿನೇಷನ್ ಮಾಡಿಸಿದ್ರು.

ಲ್ಯಾಮಿನೇಷನ್ ಮಾಡಿಸ್ಬೇಡಿ. ಪ್ರೀತಿಯಿಂದ ಮಾಡ್ತಾರೆ, ಗೊತ್ತು, ಆದ್ರೆ ಅದರ ಮೇಲೆ ಸೀಲ್ ಹಾಕೋಕಾಗಲ್ಲ, ಎಷ್ಟೋ ಆಫೀಸಲ್ಲಿ ತಗೊಳ್ಳೋದೇ ಇಲ್ಲ. ಆ ಕಲೆಯಾದ ಅಂಕಪಟ್ಟಿಗೆ ನಕಲು ಪ್ರತಿ, ಅಂದ್ರೆ ಡ್ಯೂಪ್ಲಿಕೇಟ್ ಮಾರ್ಕ್ಸ್ ಕಾರ್ಡಿಗೆ ಅರ್ಜಿ ಹಾಕಿದ್ವಿ, ಹಾಳಾದ ಕಾರ್ಡನ್ನೂ ಜೊತೆಗಿಟ್ಟು. ಕಾಲೇಜ್ ಆಫೀಸಲ್ಲಿ ಆ ಅರ್ಜಿ ಮೂರು ವಾರ ಒಂದೇ ಟೇಬಲ್ ಮೇಲೆ ಇತ್ತು, ಫೋನಿಗೆ ಉತ್ತರ ಇಲ್ಲ, ಕೊನೆಗೆ ಮಡಿಕೇರಿಯಿಂದ ಬೆಳಗ್ಗಿನ ಬಸ್ ಹಿಡಿದು ಸಂಪಾಜೆ, ಸುಳ್ಯ ದಾಟಿ ಕೊಣಾಜೆಗೇ ಹೋಗಿ ಮಂಗಳೂರು ವಿವಿ ಕೌಂಟರಲ್ಲಿ ನಿಂತ್ವಿ. ಹಾಗಾಗಿ ನನ್ನ ಸಲಹೆ, ಅರ್ಜಿಗೆ ಸ್ವೀಕೃತಿ ಸೀಲ್ ಹಾಕಿಸ್ಕೊಳ್ದೇ ಆ ಆಫೀಸಿಂದ ಹೊರಗೆ ಬರಬೇಡಿ, ತಾರೀಖಿನ ಸಮೇತ.

ಟ್ರಾನ್ಸ್‌ಕ್ರಿಪ್ಟ್ ಅನ್ನೋದು ಅಂಕಪಟ್ಟಿಯ ಝೆರಾಕ್ಸ್ ಅಲ್ಲ, ವಿವಿಯೇ ಎಲ್ಲಾ ಸೆಮಿಸ್ಟರ್ ಒಟ್ಟು ಮಾಡಿ ಸಹಿ ಸೀಲ್ ಹಾಕಿ ಕೊಡೋ ದಾಖಲೆ. ಎಲ್‌ಎಸ್‌ಎಸಿ ಕೇಳೋದು ಅದನ್ನ, ಅದೂ ವಿವಿಯಿಂದಲೇ ನೇರವಾಗಿ ಹೋಗ್ಬೇಕು. ನಿಮ್ಮ ಎಲ್‌ಎಸ್‌ಎಸಿ ಅಕೌಂಟಿಂದ ಟ್ರಾನ್ಸ್‌ಕ್ರಿಪ್ಟ್ ಫಾರ್ಮ್ ಪ್ರಿಂಟ್ ತೆಗೆದು, ಅದರ ಮೇಲೆ ನಿಮ್ಮ ಅಕೌಂಟ್ ನಂಬರ್ ಇರುತ್ತೆ, ಅದನ್ನ ವಿವಿಗೆ ಕೊಟ್ಟು, ಅವ್ರು ಲಕೋಟೇಲಿ ಹಾಕಿ ಮುಚ್ಚಿ ಮೇಲೆ ಸೀಲ್ ಹೊಡೆದು ಕಳಿಸ್ಬೇಕು. ಲಕೋಟೆ ನಿಮ್ಮ ಕೈಗೆ ಬಂತು ಅಂತ ಕುತೂಹಲಕ್ಕೆ ಬಿಚ್ಚಿದ್ರೆ ಮುಗೀತು, ಮತ್ತೆ ಮೊದಲಿಂದ. ಡಿಗ್ರಿ ಸಿಕ್ಕಿದೆ ಅನ್ನೋದಕ್ಕೆ ಘಟಿಕೋತ್ಸವ ಪ್ರಮಾಣಪತ್ರದ ದೃಢೀಕೃತ ಪ್ರತಿಯೂ ಅದರ ಜೊತೇಲೇ ಇರ್ಲಿ. ಅಂಕ ನೀಡೋ ಕ್ರಮ ವಿವರಿಸೋ ಆ ಹಿಂಬದಿಯ ಪುಟಾನೂ ಸೇರಿಸೋಕೆ ಹೇಳಿ, ನಮ್ಮಲ್ಲಿ 60 ಪ್ರಥಮ ದರ್ಜೆ ಅನ್ನೋದು ಅವ್ರ ಕೈಯಲ್ಲಿ ಅಚ್ಚಾಗಿ ಇರ್ಬೇಕು. ಓದಿ ಅರ್ಧಕ್ಕೆ ಬಿಟ್ಟ ಕಾಲೇಜಿದ್ರೆ ಅದರದ್ದೂ ಬೇಕು. ಎಂಜಿನಿಯರಿಂಗ್ ಒಂದು ವರ್ಷ ಓದಿ ಬಿಟ್ಟು ಬಿಎಗೆ ಬಂದ ಮಕ್ಕಳು ಅದನ್ನ ಮುಚ್ಚಿಡ್ತಾರೆ, ಮುಚ್ಚಿಡ್ಬೇಡಿ, ಫೇಲಾದ್ದಕ್ಕಿಂತ ಮುಚ್ಚಿಟ್ಟದ್ದೇ ದೊಡ್ಡ ಕಪ್ಪುಚುಕ್ಕೆ ಆಗುತ್ತೆ.

ಹೆಸರಿನ ಸಮಸ್ಯೆ ನಮ್ಮ ಕೊಡಗಿನವ್ರಿಗೆ ವಿಶೇಷವಾಗಿ ಇದೆ. ಕೊಡವರ ಮನೇಲಿ ಒಕ್ಕದ ಹೆಸರು, ಅಂದ್ರೆ ಮನೆತನದ ಹೆಸರು, ಮುಂದೆ ಬರುತ್ತೆ, ಆಮೇಲೆ ಸ್ವಂತ ಹೆಸರು, ಕೊನೆಗೆ ಅಪ್ಪನ ಹೆಸರೋ ಗಂಡನ ಹೆಸರೋ. ಎಸ್ಸೆಸ್ಸೆಲ್ಸೀಲಿ ಒಕ್ಕದ ಹೆಸರು ಬರೀ ಇನಿಷಿಯಲ್, ಡಿಗ್ರೀಲಿ ಅದು ಕೊನೆಗೆ ಹೋಗಿದೆ, ಪಾಸ್‌ಪೋರ್ಟಲ್ಲಿ ಪೂರ್ತಿ ಬಿಡಿಸಿ ಸರ್‌ನೇಮ್ ಜಾಗಕ್ಕೆ ಬಂದಿದೆ. ನಮಗೆ ಅದು ಒಬ್ಬಳೇ ಹುಡುಗಿ ಅಂತ ಗೊತ್ತು, ಅಲ್ಲಿ ಫೈಲ್ ನೋಡೋರಿಗೆ ಮೂರು ಜನ. ಎಲ್‌ಎಸ್‌ಎಸಿ ಅಕೌಂಟ್ ಮಾಡೋವಾಗ್ಲೇ ಪಾಸ್‌ಪೋರ್ಟಲ್ಲಿ ಇರೋ ಹಾಗೇ ಹಾಕಿ, ಹಿಂದಿನ ಹೆಸರು ಅಂತ ಕೇಳೋ ಜಾಗದಲ್ಲಿ ಅಂಕಪಟ್ಟೀಲಿರೋದನ್ನ ಅಕ್ಷರಶಃ ಹಾಗೇ ಬರೀರಿ, ನೋಟರಿ ಹತ್ರ ಒಂದು ಅಫಿಡವಿಟ್ ಮಾಡಿಸಿಟ್ಕೊಳ್ಳಿ.

ಸಂಖ್ಯೆ ಇಲ್ಲದ ಕಡೆ ಮಾತು ಬೇಕು

ಜಿಪಿಎ ಇಲ್ಲ, ನಿಮ್ಮ ಕಾಲೇಜಿಂದ ಬೇರೆ ಯಾರೂ ಅರ್ಜಿ ಹಾಕಿರಲ್ಲ, ಹೋಲಿಸೋಕೆ ಯಾರೂ ಇಲ್ಲ. ಆ ಹೋಲಿಕೆಯನ್ನ ನೀವೇ ಒದಗಿಸ್ಬೇಕು, ನಿಜವಾದ ದಾಖಲೆಯಿಂದ. ರ‍್ಯಾಂಕ್ ಬಂದಿದ್ರೆ ರ‍್ಯಾಂಕ್ ಸರ್ಟಿಫಿಕೇಟ್. ಇಲ್ದಿದ್ರೆ ಕಾಲೇಜಿಂದ ಒಂದು ಪತ್ರ, ನಿಮ್ಮ ಬ್ಯಾಚಲ್ಲಿ ಎಷ್ಟು ಜನ, ಪ್ರಥಮ ದರ್ಜೆ ಎಷ್ಟು ಜನಕ್ಕೆ, ನೀವು ಎಷ್ಟನೇಯವರು ಅಂತ. ಅಕ್ಕನ ಮಗಳ ಕ್ಲಾಸಲ್ಲಿ 54 ಜನ, ಇವಳು 5ನೇಯವಳು. 68 ಅಂತ ಒಬ್ಬಂಟಿಯಾಗಿ ನಿಂತಿದ್ದ ಸಂಖ್ಯೆಗೆ ಆಗ ಬೆನ್ನೆಲುಬು ಬಂತು.

ಶಿಫಾರಸು ಪತ್ರ ಬರೆಯೋ ಮೇಷ್ಟ್ರುಗಳಿಗೂ ಒಂದು ಮಾತು ಹೇಳ್ಬೇಕು, ನಾನೂ ಅವರಲ್ಲಿ ಒಬ್ಬಳಾದ್ರಿಂದ ಹೇಳ್ತೀನಿ. ಶಿಸ್ತಿನ ಹುಡುಗಿ, ವಿಧೇಯಳು, ಉತ್ತಮ ನಡತೆ, ಇದು ನಡತೆ ಪ್ರಮಾಣಪತ್ರದ ಭಾಷೆ, ಅಲ್ಲಿ ಉಪಯೋಗಕ್ಕೆ ಬರಲ್ಲ. ಇಷ್ಟು ವರ್ಷ ಪಾಠ ಮಾಡಿದ್ದೀನಿ, ಈ ಪೇಪರಲ್ಲಿ 75 ದಾಟಿದೋರು ಇಷ್ಟೇ ಜನ, ಇವಳು ಕಂಪನಿ ಕಾನೂನಿನ ಅಸೈನ್‌ಮೆಂಟಲ್ಲಿ ಇಂಥ ಪ್ರಶ್ನೆ ಎತ್ತಿದ್ಲು, ಹೀಗೆ ಬರೀಬೇಕು. ಮಕ್ಕಳೇ, ಸಂಕೋಚ ಬಿಟ್ಟು ಮೇಷ್ಟ್ರ ಮುಂದೆ ನಿಮ್ಮ ಅಂಕಪಟ್ಟಿ, ಹಳೇ ಅಸೈನ್‌ಮೆಂಟ್ ಇಟ್ಟು "ಸರ್, ಇದನ್ನ ನೆನಪಿಸೋಕೆ ತಂದೆ" ಅಂತ ಹೇಳಿ, ಯಾರೂ ಬೇಜಾರು ಮಾಡ್ಕೊಳ್ಳಲ್ಲ.

ಒಂದು ಸೆಮಿಸ್ಟರ್ ಬಿದ್ದಿದ್ರೆ ಅದಕ್ಕೆ ಅಡೆಂಡಮ್ ಅಂತ ಅರ್ಧ ಪುಟದ ಟಿಪ್ಪಣಿ ಸೇರಿಸೋಕೆ ಅವಕಾಶ ಇದೆ. ಅವಳ 5ನೇ ಸೆಮಿಸ್ಟರ್ 57ಕ್ಕೆ ಇಳಿದಿತ್ತು, ಅದೇ 2018ರ ಮಳೆಗಾಲದ ಸೆಮಿಸ್ಟರ್. ಮೊದಲ ಸಲ ಎರಡು ಪುಟ ಬರ್ಕೊಂಡು ಬಂದ್ಲು, ಓದಿ ನಾವಿಬ್ರೂ ಅತ್ವಿ. ಆಮೇಲೆ ಕೂತು ಕಡಿಮೆ ಮಾಡಿದ್ವಿ: ಯಾವ ತಿಂಗಳು ಮನೆ ಬಿಟ್ವಿ, ಪರಿಹಾರ ಕೇಂದ್ರದಲ್ಲಿ ಎಷ್ಟು ದಿನ, ಯಾವಾಗ ಕಾಲೇಜಿಗೆ ವಾಪಸ್, 6ನೇ ಸೆಮಿಸ್ಟರಲ್ಲಿ 73. ಆರು ವಾಕ್ಯ. ಕಾರಣ ಹೇಳಿ, ಕರುಣೆ ಕೇಳ್ಬೇಡಿ, ತಾರೀಖು ಮತ್ತು ಅಂಕ ಇದ್ರೆ ಓದೋರಿಗೆ ಅರ್ಥ ಆಗುತ್ತೆ.

ಇನ್ನು ಅಪ್ಲಿಕೇಶನ್ ಫಾರ್ಮಲ್ಲಿ ಜಿಪಿಎ ಅನ್ನೋ ಕಾಲಂ. ಕೆಲವು ಫಾರ್ಮಲ್ಲಿ ಅನ್ವಯಿಸಲ್ಲ ಅಂತ ಹಾಕೋಕಾಗುತ್ತೆ, ಕೆಲವಲ್ಲಿ ಅಂಕ ಮತ್ತು ಎಷ್ಟರ ಅಳತೆ ಅಂತ ಎರಡು ಡಬ್ಬಿ ಇರುತ್ತೆ. ಡಬ್ಬಿ ಇದ್ರೆ ನಿಮ್ಮ ವಿವಿ ಕೊಟ್ಟದ್ದನ್ನೇ ಹಾಕಿ, ಸಿಜಿಪಿಎ ಇದ್ರೆ 7.63, ಅಳತೆ 10. ನವೆಂಬರಲ್ಲಿ ಅವಳ ರಿಪೋರ್ಟ್ ಬಂದಾಗ ಅದರಲ್ಲಿ ಅಬೌ ಆವರೇಜ್ ಅಂತ ಇತ್ತು, ತೋಟದಲ್ಲಿ ಕಾಫಿ ಹಣ್ಣಾಗೋಕೆ ಶುರುವಾಗಿದ್ದ ಸಮಯ, ಅಕ್ಕ ಅಂಗಳ ಸಾರಿಸ್ತಿದ್ದೋಳು ಕೈ ತೊಳೀದೇ ಓಡಿ ಬಂದು ಫೋನ್ ಸ್ಕ್ರೀನ್ ನೋಡಿದ್ಲು. ಅದೇ ರಾತ್ರಿ ಮೊದಲ ಅರ್ಜಿ ತುಂಬಿದ್ವಿ. ಜಿಪಿಎ ಕಾಲಂ ಬಂದಾಗ ಅವಳು ನನ್ನ ಮುಖ ನೋಡಿದ್ಲು, ನಾನೇನೂ ಹೇಳ್ಲಿಲ್ಲ, ಅವಳೇ 68 ಅಂತ ಒತ್ತಿ, ಪಕ್ಕದ ಡಬ್ಬೀಲಿ 100 ಅಂತ ಹಾಕಿ, ಮುಂದಿನ ಪೇಜಿಗೆ ಹೋದ್ಲು.